ಸಾಹೇಬರು ನಿಂತಲ್ಲಿ ಮಾತ್ರ ಅನ್ವಯ

ಕಲಬುರಗಿಯಿಂದ ಜೇವರ್ಗಿ ಕಡೆಗೆ ಗಾಡಿ ಓಡಿಸುವವರಲ್ಲಿ ಜಾತಿ, ಮತ, ಪಕ್ಷಗಳನ್ನು ಮೀರಿದ ಒಮ್ಮತವೊಂದಿದೆ: ವೇಗಮಿತಿ ಎಂಬುದು ರಸ್ತೆಗೆ ಸೇರಿದ್ದಲ್ಲ, ವೇಗ ಅಳೆಯುವ ಯಂತ್ರ ಇಟ್ಟುಕೊಂಡು ನಿಂತ ಪೊಲೀಸ್ ಜೀಪಿಗೆ ಸೇರಿದ್ದು. ಜೀಪಿನ ಹಿಂದೆ ಮುಂದೆ ಅರ್ಧ ಫರ್ಲಾಂಗು ಮೋಟಾರು ವಾಹನ ಕಾಯ್ದೆ ಜಾರಿಯಲ್ಲಿರುತ್ತದೆ. ಅದರಾಚೆ ಶರಣಬಸವೇಶ್ವರರೇ ಕಾಪಾಡಬೇಕು.

ಕೇಂದ್ರ ಸರ್ಕಾರವು 2018ರಲ್ಲಿ ಕಾರುಗಳ ಗರಿಷ್ಠ ವೇಗವನ್ನು ಚತುಷ್ಪಥ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ., ಊರೊಳಗೆ 70 ಕಿ.ಮೀ. ಎಂದು ಗೊತ್ತುಪಡಿಸಿದಾಗ, ನಮ್ಮವರು ಅದನ್ನು ಕನಿಷ್ಠ ವೇಗವೆಂದು ವಿನಯಪೂರ್ವಕವಾಗಿ ಸ್ವೀಕರಿಸಿದರು.

ಹೊಲದ ಬದುವಿಗಾಗಿ ಒಡಹುಟ್ಟಿದವನ ಮೇಲೆಯೇ ಕೋರ್ಟಿಗೆ ಹೋಗುವ ಮನುಷ್ಯ, ಎದುರಿಗೆ ಬರುವ ಗುರುತು ಪರಿಚಯವಿಲ್ಲದ ಕಾರಿಗೆ ನಡುಮಧ್ಯಾಹ್ನ ಎರಡು ಸಲ ಲೈಟು ಹೊಡೆದು, ಕಿಟಕಿಯಿಂದ ಕೈ ಹೊರಹಾಕಿ, ‘ಮುಂದ ಸಾಹೇಬ್ರು ನಿಂತಾರ್ರಿ’ ಎಂದು ಎಚ್ಚರಿಸುವ ನಿಸ್ವಾರ್ಥ ಸೇವೆಯನ್ನು ಈ ರಸ್ತೆಯಲ್ಲಿಯೇ ನೋಡಬೇಕು. ಕೂಡಲೇ ತೊಂಬತ್ತರ ಮುಳ್ಳು ನಲವತ್ತಕ್ಕೆ ಇಳಿಯುತ್ತದೆ, ಹೆಗಲ ಮೇಲೆ ಸೀಟ್ ಬೆಲ್ಟು ಏರುತ್ತದೆ, ಮುಖದ ಮೇಲೆ ಮಠಕ್ಕೆ ಹೊರಟವರ ಭಕ್ತಿ ಮೂಡುತ್ತದೆ. ಜೀಪು ಕನ್ನಡಿಯಲ್ಲಿ ಚಿಕ್ಕದಾದೊಡನೆ ಬೆಲ್ಟು ಕಳಚುತ್ತದೆ.

ಪೊಲೀಸರು ಜಾಲಿ ಗಿಡದ ಮರೆಯಲ್ಲಿ ನಿಂತರಂತೂ ಚಾಲಕರ ನ್ಯಾಯಪ್ರಜ್ಞೆ ಕೆರಳುತ್ತದೆ. ‘ಕಳ್ಳರಂಗ ಅಡಗಿ ನಿಂತು ಹಿಡಿಯೋದು ಯಾವ ನ್ಯಾಯರೀ?’ ಎಂದು ಕೇಳುತ್ತಾರೆ. ಕಳ್ಳ ಯಾರು ಎಂಬ ಪ್ರಶ್ನೆಯನ್ನು ಚಹಾದಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದವನ ಚಹಾಕ್ಕೆ ಅವನೇ ದುಡ್ಡು ಕೊಡಬೇಕಾಗುತ್ತದೆ.

ದಂಡದ ಮಾತು ಬೇರೆ. 2019ರ ತಿದ್ದುಪಡಿಯು ಅತಿವೇಗದ ಕಾರಿಗೆ ಕನಿಷ್ಠ 1,000 ರೂಪಾಯಿ ದಂಡ ವಿಧಿಸಿತು. ಆದರೆ ರಾಜ್ಯ ಸರ್ಕಾರವು 2023ರಲ್ಲಿಯೂ 2025ರಲ್ಲಿಯೂ ಬಾಕಿ ಸಂಚಾರ ದಂಡದ ಮೇಲೆ ಶೇ 50ರ ರಿಯಾಯಿತಿ ಘೋಷಿಸಿದ ಮೇಲೆ, ಮೊಬೈಲಿಗೆ ಚಲನ್ ಬಂದ ಕೂಡಲೇ ದುಡ್ಡು ಕಟ್ಟುವವನನ್ನು ಹಬ್ಬಕ್ಕೆ ಮುಂಚೆ ಪೂರ್ತಿ ಬೆಲೆಗೆ ಸೀರೆ ಕೊಂಡು ತಂದ ಗಂಡನನ್ನು ನೋಡುವ ಹಾಗೆ ನೋಡಲಾಗುತ್ತಿದೆ.

ಹೀಗಿರುವಾಗ ಸರ್ಕಾರಕ್ಕೆ ನಮ್ಮದೊಂದು ಸಲಹೆ. ದಿನಪತ್ರಿಕೆಗಳ ಪಂಚಾಂಗದಲ್ಲಿ ರಾಹುಕಾಲ, ಗುಳಿಕಕಾಲಗಳ ಕೆಳಗೆ ಜೀಪು ನಿಲ್ಲುವ ಸ್ಥಳವನ್ನೂ ಸಮಯವನ್ನೂ ಅಚ್ಚು ಹಾಕಿಸಬೇಕು. ಲೈಟು ಹೊಡೆದು ಹೊಡೆದು ಬ್ಯಾಟರಿ ಸವೆಯುವುದಾದರೂ ತಪ್ಪುತ್ತದೆ.