ಬಾಯಿ ಬಿಟ್ಟು ಉಳಿದದ್ದಕ್ಕೆಲ್ಲ ವಿಮೆ

‘ಹಲ್ಲುಜ್ಜಿ, ಹೃದಯ ಉಳಿಸಿಕೊಳ್ಳಿ’ ಅನ್ನುವ ಸುದ್ದಿ ಮತ್ತೆ ಬಂದಿದೆ. ನೀವೂ ನೋಡಿರುತ್ತೀರಿ. ನಗುವ ಹೆಂಗಸಿನ ಫೋಟೊ, ಪಕ್ಕದಲ್ಲಿ ಕೆಂಪು ಹೃದಯ, ಕೈಯಲ್ಲಿ ಬ್ರಶ್ಶು. ಬ್ರಶ್ಶಿನ ಮೇಲೆ ಈ ತುದಿಯಿಂದ ಆ ತುದಿವರೆಗೆ ಅಲೆ ಅಲೆಯಾಗಿ ಪೇಸ್ಟು. ಅಷ್ಟು ಪೇಸ್ಟು ಹಾಕಿಕೊಂಡು ಹಲ್ಲುಜ್ಜುವವರು ಜಾಹೀರಾತಿನಲ್ಲಿ ಮಾತ್ರ ಇರುತ್ತಾರೆ. ಅವರ ಸಿಂಕು ಕೂಡ ಯಾವಾಗಲೂ ಒಣಗಿಯೇ ಇರುತ್ತದೆ, ಗಮನಿಸಿ.

ವಸಡು ಕೆಟ್ಟರೆ ಹೃದಯ ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆ ಕಾಯಿಲೆ ಜಾಸ್ತಿಯಾಗುತ್ತದೆ. ಮರೆವು ಬರುತ್ತದೆ. ತಿಂಗಳು ತುಂಬುವ ಮುಂಚೆ ಹೆರಿಗೆ ಆಗುತ್ತದೆ. ರಾತ್ರಿ ಹಲ್ಲುಜ್ಜದೆ ಮಲಗಿದವರಿಗೆ ಬಡ್ತಿ ತಪ್ಪುತ್ತದೆ ಅಂತ ಒಂದು ಅಧ್ಯಯನ ಬರುವುದಷ್ಟೇ ಬಾಕಿ.

ಇದರಲ್ಲಿ ನಿಜವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಹೃದಯದ ಕವಾಟಕ್ಕೆ ಸೋಂಕು ತಗಲಿಸುವುದು ವೈದ್ಯರಿಗೆ ಎಂದಿನಿಂದಲೋ ಗೊತ್ತು. ಸಕ್ಕರೆ ಕಾಯಿಲೆಗೂ ವಸಡಿಗೂ ಎರಡೂ ಕಡೆಯಿಂದ ನಂಟಿದೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ರಕ್ತದ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಆದರೆ ‘ನಂಟಿದೆ’ ಅಂತ ವಿಜ್ಞಾನಿ ಹೇಳಿದ್ದು ಸುದ್ದಿಮನೆ ತಲುಪುವ ಹೊತ್ತಿಗೆ ‘ಅದರಿಂದಲೇ ಆಗುತ್ತದೆ’ ಅಂತ ಆಗಿರುತ್ತದೆ.

ದಕ್ಷಿಣ ಕೊರಿಯಾದ ಅಧ್ಯಯನ ನೆನಪಿದೆಯಲ್ವಾ? 2019ರದ್ದು. 1,61,286 ಜನರನ್ನು ಸುಮಾರು ಹತ್ತೂವರೆ ವರ್ಷ ಗಮನಿಸಿದರು. ದಿನಕ್ಕೆ ಮೂರು ಸಲವೋ ಇನ್ನೂ ಹೆಚ್ಚೋ ಹಲ್ಲುಜ್ಜುವವರಲ್ಲಿ ಹೃದಯ ವೈಫಲ್ಯದ ಅಪಾಯ ಶೇ 12ರಷ್ಟು ಕಡಿಮೆ, ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಶೇ 10ರಷ್ಟು ಕಡಿಮೆ ಕಂಡಿತು. ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದರು. ವಯಸ್ಸು, ಆದಾಯ, ವ್ಯಾಯಾಮ, ಕುಡಿತ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಅದರ ಜೊತೆಗೇ ಅಚ್ಚಾದ ಟಿಪ್ಪಣಿಯೊಂದು, ಹೃದಯ ಕಾಪಾಡಲು ಹಲ್ಲುಜ್ಜಿ ಅಂತ ಸಲಹೆ ಕೊಡುವ ಕಾಲ ಇನ್ನೂ ಬಂದಿಲ್ಲ ಅಂತ ಹೇಳಿತ್ತು. ಆ ಸಾಲು ಯಾವ ತಲೆಬರಹದಲ್ಲಿ ಬಂತು? 2012ರಲ್ಲೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಇದನ್ನೇ ಹೇಳಿತ್ತು: ನಂಟು ಕಾಣುತ್ತದೆ, ವಸಡಿನ ಚಿಕಿತ್ಸೆಯಿಂದ ಹೃದಯದ ಕಾಯಿಲೆ ತಪ್ಪುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ.

ಅಷ್ಟಕ್ಕೂ ದಿನಕ್ಕೆ ಮೂರು ಸಲ ಹಲ್ಲುಜ್ಜುವ ಮನುಷ್ಯ ಯಾರು? ಮಧ್ಯಾಹ್ನ ಊಟವಾದ ಮೇಲೂ ಅವನಿಗೆ ಪುರುಸೊತ್ತಿದೆ, ಪಕ್ಕದಲ್ಲೇ ನಲ್ಲಿಯಿದೆ, ‘ಎಲ್ಲಿ ಹೋದ?’ ಅಂತ ಕೂಗುವ ಮೇಸ್ತ್ರಿ ಇಲ್ಲ. ಅಂಥವನು ನಿದ್ದೆಯನ್ನೂ ಮಾಡುತ್ತಾನೆ, ವಾಕಿಂಗೂ ಹೋಗುತ್ತಾನೆ, ಬಿಪಿಯನ್ನೂ ನೋಡಿಸಿಕೊಳ್ಳುತ್ತಾನೆ. ಎಷ್ಟೇ ಲೆಕ್ಕ ಹಾಕಿ ಕಳೆದರೂ ಅವನ ಸುಖದಲ್ಲಿ ಒಂದಿಷ್ಟು ಲೆಕ್ಕಕ್ಕೆ ಸಿಗದೆ ಉಳಿದೇ ಉಳಿಯುತ್ತದೆ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಅಂದ ಅಜ್ಜಿಗೂ ನಮ್ಮ ಆರೋಗ್ಯ ಪುರವಣಿಗೂ ದೂರದ ಸಂಬಂಧವಿದ್ದರೂ ಇರಬಹುದು.

ಎಲ್ಲ ರೋಗದ ಬೇರೂ ಬಾಯಲ್ಲೇ ಇದೆ ಅನ್ನುವುದು ಹೊಸ ಮಾತೇನಲ್ಲ. ನೂರು ವರ್ಷದ ಹಿಂದೆ ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ದೊಡ್ಡ ವೈದ್ಯ ಇದ್ದ. ಹುಚ್ಚು ಬರುವುದು ಹಲ್ಲಿನ ಸೋಂಕಿನಿಂದ ಅಂತ ಅವನ ನಂಬಿಕೆ. ಸರಿ, ರೋಗಿಗಳ ಹಲ್ಲು ಕೀಳಿಸಿದ. ವಾಸಿಯಾಗಲಿಲ್ಲವಾ? ಟಾನ್ಸಿಲ್ ತೆಗೆಸಿದ. ಆಗಲೂ ಆಗಲಿಲ್ಲವಾ? ದೊಡ್ಡ ಕರುಳಿಗೆ ಕತ್ತರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎಮ್ಮೆಯ ಹಲ್ಲೂ ಹೋಯಿತು, ಕರುಳೂ ಹೋಯಿತು. ಶೇ 85ರಷ್ಟು ಜನ ಗುಣವಾದರು ಅಂತ ಹೇಳಿಕೊಂಡ. ಪತ್ರಿಕೆಗಳು ಹೊಗಳಿದವು. ನೂರಾರು ಜನ ಸತ್ತರು. ಬದುಕಿದವರು ಅಗಿಯಲು ಹಲ್ಲಿಲ್ಲದೆ ಅದೇ ವಾರ್ಡಿನಲ್ಲಿ ಉಳಿದರು.

ಒಂದು ವಿಷಯದಲ್ಲಿ ಮಾತ್ರ ಮಹಾನುಭಾವನನ್ನು ಮೆಚ್ಚಬೇಕು. ತನ್ನ ಸಿದ್ಧಾಂತವನ್ನು ಬರೀ ಪರರ ಬಾಯಿಗೆ ಮೀಸಲಿಡಲಿಲ್ಲ. 1925ರಲ್ಲಿ ಆಸ್ಪತ್ರೆಯ ಮೇಲೆ ವಿಚಾರಣೆ ನಡೆಯುವಾಗ ಅವನ ತಲೆಯೇ ಕೆಟ್ಟಿತು. ತನ್ನವೇ ಕೆಲವು ಹಲ್ಲು ಕೀಳಿಸಿಕೊಂಡು, ಗುಣವಾದೆ ಅಂತ ಸಾರಿ ಮತ್ತೆ ಕೆಲಸಕ್ಕೆ ಬಂದ. ಹೆಂಡತಿ, ಮಕ್ಕಳ ಹಲ್ಲನ್ನೂ ಬಿಡಲಿಲ್ಲ. ಇಂದಿನ ತಜ್ಞರಲ್ಲಿ ಇಷ್ಟು ನಿಷ್ಠೆ ಎಲ್ಲಿದೆ ಹೇಳಿ.

ಸ್ವೀಡನ್ನಿನದ್ದು ಇನ್ನೊಂದು ಕಥೆ. 1940ರ ದಶಕದಲ್ಲಿ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ಬುದ್ಧಿಮಾಂದ್ಯ ರೋಗಿಗಳಿಗೆ ಹಲ್ಲಿಗೆ ಅಂಟುವ ಟಾಫಿ ತಿನ್ನಿಸಿ, ಹಲ್ಲು ಹುಳುಕಾಗುತ್ತದಾ ಅಂತ ನೋಡಿದರು. ಆಯಿತು. ಸಿಹಿ ಅಂಟಿಕೊಂಡಷ್ಟೂ, ಊಟದ ನಡುನಡುವೆ ತಿಂದಷ್ಟೂ ಹಲ್ಲಿಗೆ ಹಾನಿ ಜಾಸ್ತಿ ಅಂತ ಜಗತ್ತಿಗೆ ಖಾತ್ರಿಯಾದದ್ದು ಹೀಗೆ. ಬಾಯಿಯ ವಿಜ್ಞಾನ ಬೆಳೆದದ್ದು ಬಾಯಿಲ್ಲದವರ ಮೇಲೆಯೇ.

ಖಾತ್ರಿಯಾದ ಮೇಲೆ ಸಕ್ಕರೆಯವರು ಸುಮ್ನೆ ಕೂತರಾ? ಸಕ್ಕರೆಯಿಂದ ಹಲ್ಲು ಕೆಡುತ್ತದೆ ಅನ್ನುವುದು ಅಮೆರಿಕದ ಸಕ್ಕರೆ ಉದ್ಯಮಕ್ಕೆ 1950ರ ಹೊತ್ತಿಗೇ ಗೊತ್ತಿತ್ತು. ಅವರದೇ ಹಳೆಯ ಕಾಗದಪತ್ರ ಹುಡುಕಿ ತೆಗೆದ ಸಂಶೋಧಕರು 2015ರಲ್ಲಿ ಇದನ್ನು ಬರೆದರು. ಸಕ್ಕರೆ ಕಮ್ಮಿ ಮಾಡಿ ಅನ್ನುವುದೊಂದನ್ನು ಬಿಟ್ಟು ಬೇರೆ ಎಲ್ಲದಕ್ಕೂ ಉದ್ಯಮ ತಯಾರಿತ್ತು. ಹುಳುಕಿಗೆ ಲಸಿಕೆ ಹುಡುಕೋಣವೇ? ಹಲ್ಲಿನ ಮೇಲಿನ ಪಾಚಿ ಕರಗಿಸುವ ಕಿಣ್ವ ಮಾಡೋಣವೇ? 1971ರಲ್ಲಿ ಸರ್ಕಾರ ಹುಳುಕಿನ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗ, ಉದ್ಯಮ ಬರೆದುಕೊಟ್ಟಿದ್ದರಲ್ಲಿ ಶೇ 78 ಭಾಗ ಸರ್ಕಾರಿ ಕಾಗದದೊಳಗೆ ಹೋಗಿ ಕೂತಿತ್ತು. ಆ ಲಸಿಕೆಗೆ ಇವತ್ತಿಗೂ ಕಾಯುತ್ತಿದ್ದೇವೆ. ಸಕ್ಕರೆಗೆ ಕಾಯಬೇಕಾಗಿಲ್ಲ.

ಅಂದಹಾಗೆ ಫ್ಲಾಸ್. ಹಲ್ಲಿನ ಸಂದಿಗೆ ದಾರ ಹಾಕಿ ತಿಕ್ಕಿ ಅಂತ ಅಮೆರಿಕ ಸರ್ಕಾರ 1979ರಿಂದ ಹೇಳುತ್ತಾ ಬಂದಿತ್ತು. ಪುರಾವೆ ತೋರಿಸಿ ಅಂತ ಸುದ್ದಿಸಂಸ್ಥೆಯೊಂದು ಬೆನ್ನು ಹತ್ತಿತು. ನೋಡಿದರೆ ಪುರಾವೆ ತೀರಾ ದುರ್ಬಲ. 2016ರಲ್ಲಿ ಸುದ್ದಿ ಹೊರಬರುವ ಹೊತ್ತಿಗೆ ಸಲಹೆ ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗಿತ್ತು. ‘ಹೂಂ ಡಾಕ್ಟ್ರೇ, ದಿನಾ ಮಾಡ್ತೀನಿ’ ಅಂತ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಸುಳ್ಳು ಹೇಳಿದವರ ಪಾಪವನ್ನು ಯಾರು ಕಳೆಯಬೇಕು? ದಾರ ಬಿಸಾಡಬೇಡಿ ಮತ್ತೆ. ಪುರಾವೆ ದುರ್ಬಲ ಅಂದ ಮಾತ್ರಕ್ಕೆ ಸಂದಿಯಲ್ಲಿ ಸಿಕ್ಕಿಕೊಂಡಿದ್ದು ತಾನಾಗಿ ಬರುವುದಿಲ್ಲ. ಫ್ಲೋರೈಡ್ ಪೇಸ್ಟಿಗಂತೂ ಪುರಾವೆ ಗಟ್ಟಿ ಇದೆ. ದಿನಕ್ಕೆ ಎರಡು ಸಲ ಉಜ್ಜಿ. ಹಲ್ಲಿಗಾಗಿ ಉಜ್ಜಿ. ಹಲ್ಲು ಉಳಿಯುವುದೇ ಸಾಲದಾ?

ಈಗ ನನ್ನನ್ನು ನಿಜಕ್ಕೂ ರೇಗಿಸುವ ವಿಷಯ. ಇಡೀ ದೇಹದ ಆರೋಗ್ಯ ಬಾಯಲ್ಲೇ ಇದೆ ಅಂತ ಸುದ್ದಿ ಬರುತ್ತದಲ್ಲ, ಅದನ್ನು ಓದಿದ ದಿನವೇ ಆರೋಗ್ಯ ವಿಮೆಯ ಪುಸ್ತಕ ತೆಗೆಯಿರಿ. ಹಿಂದಿನ ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಇವು ಒಳಗೊಂಡಿಲ್ಲ’ ಅಂತ ಒಂದು ಪಟ್ಟಿ. ಮುಖ ಚಂದ ಮಾಡಿಸಿಕೊಳ್ಳುವ ಚಿಕಿತ್ಸೆ, ಕನ್ನಡಕ, ಆಮೇಲೆ ಹಲ್ಲು. ಅಪಘಾತದಲ್ಲಿ ಮುರಿದರೆ ನೋಡೋಣ, ಹುಳುಕಾದರೆ ನಿಮ್ಮ ಹಣೆಬರಹ. ಕಾಲಿನ ಹೆಬ್ಬೆರಳು ದೇಹದ ಭಾಗ. ಪಿತ್ತಕೋಶ ದೇಹದ ಭಾಗ. ದವಡೆಯ ಹಲ್ಲು ಮಾತ್ರ ಒಂದು ಹವ್ಯಾಸ.

1965ರಲ್ಲಿ ಅಮೆರಿಕ ವಯಸ್ಸಾದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ತಂದಾಗ ಮಾಮೂಲಿ ಹಲ್ಲಿನ ಚಿಕಿತ್ಸೆಯನ್ನು ಕಾನೂನಿನಲ್ಲೇ ಹೊರಗಿಟ್ಟಿತು. ಹಲ್ಲು ಉದುರುವ ವಯಸ್ಸಿನವರಿಗೇ ಮಾಡಿದ ಯೋಜನೆ, ನೋಡಿ. ಬ್ರಿಟನ್ 1948ರಲ್ಲಿ ಎಲ್ಲರಿಗೂ ಉಚಿತ ಅಂತ ಆರೋಗ್ಯ ಸೇವೆ ಶುರು ಮಾಡಿ, ಮೂರೇ ವರ್ಷಕ್ಕೆ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ದುಡ್ಡು ಕೇಳಿತು. ಆ ಸೇವೆ ಕಟ್ಟಿದ ಅನ್ಯೂರಿನ್ ಬೆವನ್ ಅದಕ್ಕೇ ಮಂತ್ರಿಗಿರಿ ಬಿಟ್ಟು ಹೊರನಡೆದರು. ಹಲ್ಲಿಗಾಗಿ ಕುರ್ಚಿ ಬಿಡುವ ಮಂತ್ರಿಗಳು ಅಪರೂಪ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಯಿದೆ. ಇವರಲ್ಲಿ ಹೆಚ್ಚಿನವರಿಗೆ ಬ್ರಶ್ಶು ಏನು ಅಂತ ಗೊತ್ತು. ಗೊತ್ತಿಲ್ಲದ್ದು, ನೋವು ಬಂದಾಗ ಯಾರ ಹತ್ತಿರ ಹೋಗಬೇಕು, ದುಡ್ಡು ಎಲ್ಲಿಂದ ತರಬೇಕು ಅನ್ನುವುದು. ರಾತ್ರಿಯಿಡೀ ದವಡೆ ಹಿಡಿದುಕೊಂಡು, ನೋಯದ ಕಡೆ ಅಗಿದುಕೊಂಡು, ಮಾತ್ರೆ ನುಂಗಿಕೊಂಡು ಅವರು ದಿನ ದೂಡುತ್ತಾರೆ. ಕೊನೆಗೆ ಕೀಳಿಸುತ್ತಾರೆ, ಯಾಕೆಂದರೆ ಉಳಿಸಿಕೊಳ್ಳುವುದಕ್ಕಿಂತ ಕೀಳಿಸುವುದು ಅಗ್ಗ. ಅಂಥವರ ಮುಂದೆ ‘ಹಲ್ಲುಜ್ಜಿ, ಹೃದಯ ಉಳಿಸಿಕೊಳ್ಳಿ’ ಅಂತ ಹಾಡುವುದಕ್ಕೆ ನಾಚಿಕೆ ಆಗಬೇಕು.

2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಹುಡುಗನೊಬ್ಬ ಸತ್ತ. ಹಲ್ಲಿನ ಬುಡದಲ್ಲಿ ಕೀವಾಗಿ, ಸೋಂಕು ಮೆದುಳಿಗೆ ಏರಿತ್ತು. ಬಡವರ ಸರ್ಕಾರಿ ವಿಮೆ ಒಪ್ಪಿಕೊಳ್ಳುವ ದಂತವೈದ್ಯರು ಸಿಗುವುದೇ ಕಷ್ಟವಾಗಿತ್ತು. ಹಲ್ಲು ಕೀಳಿಸಿದ್ದರೆ ಸುಮಾರು 80 ಡಾಲರ್ ಆಗುತ್ತಿತ್ತು. ಮೆದುಳಿನ ಎರಡು ಆಪರೇಷನ್ನು, ವಾರಗಟ್ಟಲೆ ಆಸ್ಪತ್ರೆ ಎಲ್ಲ ಸೇರಿ 2 ಲಕ್ಷ ಡಾಲರ್‌ಗೂ ಮೇಲೆ ಆಯಿತು. ಅದನ್ನು ವ್ಯವಸ್ಥೆ ಖರ್ಚು ಮಾಡಿತು, ಏಕೆಂದರೆ ಮೆದುಳು ದೇಹದ ಭಾಗ. ಆಮೇಲೆ ಆ ರಾಜ್ಯ ಬಡ ಮಕ್ಕಳ ಹಲ್ಲಿನ ವ್ಯವಸ್ಥೆ ಸರಿ ಮಾಡಿತು, ಅದನ್ನೂ ಹೇಳಬೇಕು. ಹುಡುಗ ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತಿದ್ದ ಅಂತ ಮಾತ್ರ ದಯವಿಟ್ಟು ಯಾರೂ ಕೇಳಬೇಡಿ.