ವಾಷಿಂಗ್ಟನ್ ಫಾರಂ ತುಂಬಿದ್ದರೆ

ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಆರು ವಾರ ಹದಿಮೂರು ರಾಜ್ಯಗಳು ಅಂಟಿಕೊಂಡಿದ್ದವು. ಹಾಲು ತೆಗೆಯಲು ಹೋದರೆ ನ್ಯೂ ಹ್ಯಾಂಪ್‌ಶೈರ್, ಮೊಸರು ತೆಗೆಯಲು ಹೋದರೆ ರೋಡ್ ಐಲೆಂಡ್. ಬ್ರಿಟಿಷರ ಕೈಯಿಂದ ಬಿಡಿಸಿಕೊಂಡು ಅಮೆರಿಕ ಆದ ಮೊದಲ ಹದಿಮೂರು ಅವು. ಸಿಟಿಜನ್‌ಶಿಪ್ ಪರೀಕ್ಷೆಯಲ್ಲಿ ಆಗ ಮೂರರ ಹೆಸರು ಹೇಳಿದರೆ ಸಾಕಿತ್ತು. ಆದರೂ ನನ್ನ ಹೆಂಡತಿ ಹದಿಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು, ನಾಲ್ಕು ಮೂಲೆಗೂ ಟೇಪು ಹಾಕಿದ್ದಳು.

“ಮೂರೇ ಕಲಿತ್ರೆ ಆ ಹೊತ್ತಿಗೆ ಎರಡೇ ನೆನಪಿಗೆ ಬರೋದು ರೀ” ಅನ್ನುವುದು ಅವಳ ವಾದ.

ಅವಳು ಓದಿನಲ್ಲಿ ಮೊದಲಿನಿಂದಲೂ ಜೋರು. ನಾನು ಹಿಂದಿನ ರಾತ್ರಿ ಓದಿ ಪಾಸಾದ ಗುಂಪಿನವನು.

ಇದು 2023ರ ಮಾತು. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ತುಂಬಿತ್ತು. ಇಬ್ಬರೂ ಅಮೆರಿಕದ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದ್ದೆವು, ತಲೆಗೆ 725 ಡಾಲರ್ ಕಟ್ಟಿ. ಆಗ 100 ಪ್ರಶ್ನೆಗಳ ಪಟ್ಟಿ ಇತ್ತು. ಗುಟ್ಟೇನಿಲ್ಲ, ಪ್ರಶ್ನೆ ಉತ್ತರ ಎರಡನ್ನೂ ಸರ್ಕಾರವೇ ಅಚ್ಚು ಹಾಕಿ ಕೈಗೆ ಕೊಡುತ್ತದೆ. ಇಂಟರ್‌ವ್ಯೂನಲ್ಲಿ ಹತ್ತರವರೆಗೆ ಕೇಳಬಹುದಿತ್ತು, ಆರು ಸರಿ ಹೇಳಿದರೆ ಪಾಸು. ಈಗ ಬಿಗಿ ಮಾಡಿದ್ದಾರೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. ಇಪ್ಪತ್ತರವರೆಗೆ ಕೇಳುತ್ತಾರೆ, ಹನ್ನೆರಡು ಸರಿಯಾಗಬೇಕು. ನಾವು ಹಳೇ ಸಿಲಬಸ್ಸಿನವರು, ಬಚಾವಾದೆವು.

ಹೆಂಡತಿಯ ಇಂಟರ್‌ವ್ಯೂ ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಗಿಯಿತು. ಹೊರಗೆ ಬಂದವಳು “ಏಳು ಕೇಳಿದ್ರು, ಪಾಸು” ಅಂದಳು. ಅಷ್ಟೇ. ಅವತ್ತು ಸಂಜೆ ಹದಿಮೂರು ರಾಜ್ಯಗಳು ಫ್ರಿಜ್ ಏರಿದವು, ಅವಳು ನನ್ನ ಮೇಷ್ಟ್ರಾದಳು.

ಪಟ್ಟಿ ನೋಡಲು ಸುಲಭ. ಬಾವುಟದಲ್ಲಿ ಹದಿಮೂರು ಪಟ್ಟೆ ಯಾಕೆ, ಪಶ್ಚಿಮಕ್ಕೆ ಯಾವ ಸಾಗರ, ಸೆನೆಟರುಗಳು ಎಷ್ಟು ಜನ. ತೊಂದರೆ ಕೊಡುವುದು ‘ಯಾವುದಾದರೂ ಒಂದು ಹೇಳಿ’ ಅನ್ನುವ ಜಾತಿಯ ಪ್ರಶ್ನೆಗಳು. ಬೆಂಜಮಿನ್ ಫ್ರಾಂಕ್ಲಿನ್ ಯಾವುದಕ್ಕೆ ಹೆಸರುವಾಸಿ? ಐದು ಉತ್ತರ ಕೊಟ್ಟಿದ್ದಾರೆ. ರಾಯಭಾರಿಯಾಗಿದ್ದ. ಸಂವಿಧಾನ ಬರೆಯಲು ಕೂತ ಸಭೆಯಲ್ಲಿ ಎಲ್ಲರಿಗಿಂತ ಹಿರಿಯ. ಮೊದಲ ಪೋಸ್ಟ್‌ಮಾಸ್ಟರ್ ಜನರಲ್. ಪಂಚಾಂಗ ಬರೆದ. ಪುಕ್ಕಟೆ ಲೈಬ್ರರಿ ಶುರು ಮಾಡಿದ. ನಾನು ಶಾಲೆಯಲ್ಲಿ ಕಲಿತ ಫ್ರಾಂಕ್ಲಿನ್ ಗುಡುಗು ಸಿಡಿಲಲ್ಲಿ ಗಾಳಿಪಟ ಹಾರಿಸಿದವನು. ಅವನು ಈ ಪಟ್ಟಿಯಲ್ಲೇ ಇಲ್ಲ! ಹೆಂಡತಿ ಕೇಳಿದಾಗಲೆಲ್ಲ ನನ್ನ ಬಾಯಿಗೆ ಮೊದಲು ಬರುತ್ತಿದ್ದದ್ದು ಮಾತ್ರ ಅವನೇ.

“ಗಾಳಿಪಟ ಬಿಡಿ ನೀವು” ಅಂತ ಗದರುತ್ತಿದ್ದಳು. “ಪೋಸ್ಟು ಅನ್ನಿ. ಯಾವಾಗ ಕೇಳಿದ್ರೂ ಪೋಸ್ಟು.”

ಅವಳು ಹೇಳಿದ್ದು ಸರಿ. ಐದು ಉತ್ತರ ಗೊತ್ತಿದ್ದವನು ಯಾವುದನ್ನು ಹೇಳಲಿ ಅಂತ ತಡವರಿಸುತ್ತಾನೆ, ಒಂದೇ ಗೊತ್ತಿದ್ದವನು ಹೇಳಿ ಮುಗಿಸುತ್ತಾನೆ. ಹಾಗಾಗಿ ಸಂವಿಧಾನವನ್ನು ಒಪ್ಪಿಕೊಳ್ಳಿ ಅಂತ ಫೆಡರಲಿಸ್ಟ್ ಲೇಖನಗಳನ್ನು ಬರೆದ ಮ್ಯಾಡಿಸನ್, ಹ್ಯಾಮಿಲ್ಟನ್, ಜೇ ಪೈಕಿ ನಾನು ಜೇ ಅವರನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಒಂದೇ ಅಕ್ಷರ. ಆ ಲೇಖನಗಳಲ್ಲಿ ಹೆಚ್ಚಿನವನ್ನು ಬರೆದದ್ದು ಹ್ಯಾಮಿಲ್ಟನ್, ಜೇ ಬರೆದದ್ದು ಐದೇ ಐದು. ಆದರೆ ಕಡಿಮೆ ಕೆಲಸ ಮಾಡಿ ಹೆಸರು ಉಳಿಸಿಕೊಂಡವನ ಮೇಲೆ ನನಗೆ ಒಂಥರಾ ಗೌರವ ಇದೆ.

ಕೆಲವು ಪ್ರಶ್ನೆಗಳು ಓದು ನಿಲ್ಲಿಸಿ ಕೂರಿಸುತ್ತಿದ್ದವು. ಯೂರೋಪಿನವರು ಬರುವ ಮೊದಲು ಇಲ್ಲಿ ಯಾರಿದ್ದರು? ಉತ್ತರ: ಅಮೆರಿಕನ್ ಇಂಡಿಯನ್ನರು. ಕೊಲಂಬಸ್ ಹುಡುಕಿಕೊಂಡು ಹೊರಟದ್ದು ನಮ್ಮನ್ನು, ಸಿಕ್ಕಿದ್ದು ಅವರು. ನಾವು ಐನೂರು ವರ್ಷ ತಡವಾಗಿ ಬಂದೆವು, ಅದೂ ವೀಸಾ ಹೊಡೆಸಿಕೊಂಡು. ಸ್ವಾತಂತ್ರ್ಯ ಘೋಷಣೆಯಲ್ಲಿರುವ ಹಕ್ಕುಗಳು ಯಾವುವು? ಬದುಕು, ಸ್ವಾತಂತ್ರ್ಯ, ಸುಖದ ಬೆನ್ನು ಹತ್ತುವುದು. ಸುಖ ಕೊಡುತ್ತೇವೆ ಅಂತ ಎಲ್ಲೂ ಇಲ್ಲ ನೋಡಿ, ಬೆನ್ನು ಹತ್ತಿದರೆ ತಡೆಯುವುದಿಲ್ಲ ಅಂತ ಅಷ್ಟೇ. ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತ ವರ್ಷಗಳಲ್ಲಿ ಈ ವ್ಯತ್ಯಾಸ ನಮಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಇಷ್ಟರಲ್ಲಿ 47ನೇ ಪ್ರಶ್ನೆ ಕೈಕೊಟ್ಟಿತು. ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನ, ಅಂದರೆ ಇಲ್ಲಿನ ಸಂಸತ್ತಿನ ಕೆಳಮನೆಯ, ಈಗಿನ ಸ್ಪೀಕರ್ ಹೆಸರೇನು? ಕೆವಿನ್ ಮೆಕಾರ್ಥಿ ಅಂತ ಉರು ಹೊಡೆದಿದ್ದೆ. ಜನವರಿಯಲ್ಲಿ ಹದಿನೈದು ಸಲ ಮತದಾನ ನಡೆದು ಗೆದ್ದಿದ್ದ ಮನುಷ್ಯ, ಇನ್ನೇನು ಅಲ್ಲಾಡುವುದಿಲ್ಲ ಅಂದುಕೊಂಡಿದ್ದೆ. ಅಕ್ಟೋಬರ್ 3ರಂದು 216–210 ಮತಗಳಿಂದ ಅವರನ್ನು ಇಳಿಸಿಬಿಟ್ಟರು. ಅಮೆರಿಕದ ಇತಿಹಾಸದಲ್ಲೇ ಹಾಗೆ ಆದದ್ದು ಅದೇ ಮೊದಲು. ನನ್ನ ಇಂಟರ್‌ವ್ಯೂ ಅಕ್ಟೋಬರ್ 19ಕ್ಕೆ. ಇವರಿಗೆ ಇನ್ನೆರಡು ವಾರ ಕಾಯಲು ಏನಾಗಿತ್ತು?

ಅಲ್ಲಿಂದ ದಿನಾ ಸಂಜೆ ಟಿವಿ ಮುಂದೆ. ಒಬ್ಬರು ನಿಲ್ಲುತ್ತಾರೆ, ಸೋಲುತ್ತಾರೆ. ಮತ್ತೆ ನಿಲ್ಲುತ್ತಾರೆ, ಮೊದಲಿಗಿಂತ ಕಡಿಮೆ ಮತ ಬರುತ್ತದೆ. ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಮೆಕ್‌ಹೆನ್ರಿ ಅನ್ನುವವರು ಕೂತಿದ್ದರು. ಕೇಳಿದರೆ ಅವರ ಹೆಸರು ಹೇಳಬೇಕೋ, ‘ಸದ್ಯಕ್ಕೆ ಯಾರೂ ಇಲ್ಲ’ ಅನ್ನಬೇಕೋ? ಈ ದೇಶದಲ್ಲಿ ಇಷ್ಟು ವರ್ಷ ಇದ್ದೂ ಸಂಸತ್ತಿನ ಜಗಳ ನನಗೆ ಪಕ್ಕದ ಮನೆಯ ಜಗಳದ ಹಾಗಿತ್ತು. ಸದ್ದು ಕೇಳಿಸುತ್ತದೆ, ಕಿಟಕಿ ಹಾಕಿಕೊಂಡರಾಯಿತು. ಈಗ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ‘ಆ ಐದು ಜನ ಈ ಕಡೆ ಬಂದ್ರೆ ಮುಗೀತಪ್ಪ’ ಅಂತ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಮೈಕ್ ಜಾನ್ಸನ್ ಆಯ್ಕೆಯಾದದ್ದು 25ರಂದು, ನನಗೆ ಬೇಕಾದ ದಿನ ಕಳೆದ ಮೇಲೆ.

ಆದರೆ ಓದುವುದು ಪ್ರಶ್ನೆಪಟ್ಟಿಯೊಂದೇ ಅಲ್ಲ. ಅರ್ಜಿ ಫಾರಂ ಇನ್ನೊಂದು ಪಠ್ಯ. ಎನ್-400 ಅಂತ ಅದರ ಹೆಸರು, ಆಗ ಇಪ್ಪತ್ತು ಪುಟ ಇತ್ತು. ಅದರಲ್ಲಿ ಬರೆದ ಉತ್ತರಗಳನ್ನೆಲ್ಲ ಆಫೀಸರು ಎದುರಿಗೆ ಕೂರಿಸಿಕೊಂಡು, ಪ್ರಮಾಣ ಮಾಡಿಸಿ, ಮತ್ತೆ ಕೇಳುತ್ತಾರೆ. ನೀವು ಎಂದಾದರೂ ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದಿರಾ? ಎಂದಾದರೂ ಸದಾ ಕುಡಿಯುವ ಚಟ ಇತ್ತಾ? ಎಂದಾದರೂ ಯಾರನ್ನಾದರೂ ಹಿಂಸಿಸಿದ್ದೀರಾ? ಬೇರೆ ದೇಶದಲ್ಲಿ ವಂಶದಿಂದ ಬಂದ ಬಿರುದು ಬಾವಲಿ ಏನಾದರೂ ಇದೆಯಾ? ಇದೊಂದು ಕಡೆ ನಾನು ಸ್ವಲ್ಪ ತಡೆದೆ. ನಮ್ಮ ಮುತ್ತಜ್ಜ ಶಾನುಭೋಗರು. ಅದು ವಂಶದಿಂದ ಬಂದದ್ದೇ.

“ಲೆಕ್ಕ ಬರೆಯೋದು ಬಿರುದಾ? ಇಲ್ಲ ಅಂತ ಟಿಕ್ ಮಾಡಿ” ಅಂದಳು ಮೇಷ್ಟ್ರು.

ಫಾರಂನ ಆ ಭಾಗದ ಗುಣವೇ ಅದು. ಪುಟಗಟ್ಟಲೆ ಪ್ರಶ್ನೆ, ಹೆಚ್ಚುಕಡಿಮೆ ಎಲ್ಲಕ್ಕೂ ‘ಇಲ್ಲ’. ಇಲ್ಲ, ಇಲ್ಲ, ಇಲ್ಲ. ಟಿಕ್ ಮಾಡುತ್ತಾ ಹೋದಂತೆ ನನ್ನ ಜೀವನ ಎಷ್ಟು ಸಪ್ಪೆ ಅಂತ ನನಗೇ ಬೇಜಾರಾಯಿತು.

ಒಂದು ರಾತ್ರಿ ಒಂದು ಕೈಯಲ್ಲಿ ಫಾರಂ, ಇನ್ನೊಂದರಲ್ಲಿ ಪ್ರಶ್ನೆಪಟ್ಟಿ ಹಿಡಿದು ಕೂತಿದ್ದಾಗ ತಲೆಹರಟೆ ಯೋಚನೆಯೊಂದು ಬಂತು. ಈ ಪಟ್ಟಿಯಲ್ಲಿರುವವರು ಈ ಫಾರಂ ತುಂಬಿದ್ದರೆ?

ಮೊದಲು ವಾಷಿಂಗ್ಟನ್. ‘ಬಲ ಅಥವಾ ಹಿಂಸೆಯಿಂದ ಯಾವುದೇ ಸರ್ಕಾರವನ್ನು ಉರುಳಿಸಬೇಕೆಂದು ಎಂದಾದರೂ, ನೇರವಾಗಿ ಅಥವಾ ಸುತ್ತುಬಳಸಿ, ಹೇಳಿದ್ದೀರಾ?’ ಹೇಳುವುದೇನು ಬಂತು, ಎಂಟು ವರ್ಷ ಸೈನ್ಯ ಕಟ್ಟಿಕೊಂಡು ಅದನ್ನೇ ಮಾಡಿದ ಮನುಷ್ಯ. ರಾಷ್ಟ್ರಪಿತ ಮೊದಲ ಸುತ್ತಿನಲ್ಲೇ ಔಟ್. ಜೆಫರ್ಸನ್ ಅದೇ ಮಾತನ್ನು ಸ್ವಾತಂತ್ರ್ಯ ಘೋಷಣೆ ಅಂತ ಬರವಣಿಗೆಯಲ್ಲಿ ಕೊಟ್ಟರು. ಅದರ ಕೆಳಗೆ ಫ್ರಾಂಕ್ಲಿನ್ ಸೇರಿ 56 ಜನ ಸಹಿ ಹಾಕಿದರು. ಸಾಕ್ಷಿ ಹುಡುಕುವ ಕೆಲಸವೂ ಇಲ್ಲ, ಆ ಕಾಗದವನ್ನು ರಾಜಧಾನಿಯಲ್ಲಿ ಗಾಜಿನೊಳಗೆ ಇಟ್ಟು ಜನರಿಗೆ ತೋರಿಸುತ್ತಾರೆ. ಲಿಂಕನ್ ಆದರೂ ದಾಟುತ್ತಾರೆ ಅಂದುಕೊಂಡೆ. ಅವರು 1848ರಲ್ಲಿ ಸಂಸದರಾಗಿದ್ದಾಗ, ಯಾವ ದೇಶದ ಜನರಿಗಾದರೂ ಎದ್ದು ನಿಂತು ಇರುವ ಸರ್ಕಾರವನ್ನು ಕೊಡವಿ ಹಾಕುವ ಹಕ್ಕಿದೆ ಅಂತ ಸಂಸತ್ತಿನಲ್ಲೇ ಭಾಷಣ ಮಾಡಿದ್ದಾರೆ. ‘ಸುತ್ತುಬಳಸಿ’ ಅನ್ನುವ ಮಾತು ಅವರನ್ನು ಹಿಡಿದುಹಾಕುತ್ತದೆ.

ಮುಂದಿನ ಪ್ರಶ್ನೆ, ಎಂದಾದರೂ ಅರೆಸ್ಟ್ ಆಗಿದ್ದೀರಾ? ಮಾರ್ಟಿನ್ ಲೂಥರ್ ಕಿಂಗ್ ಕೊಟ್ಟ ಜಾಗದಲ್ಲಿ ಬರೆದು ಮುಗಿಸಲು ಆಗುತ್ತಿರಲಿಲ್ಲ, ಬೇರೆ ಹಾಳೆ ಲಗತ್ತಿಸಬೇಕಿತ್ತು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ಕೂತು ಅವರು ಬರೆದ ಪತ್ರವನ್ನು ಈಗ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ.

ನನ್ನನ್ನು ಜಾಸ್ತಿ ಹಿಡಿದುಕೊಂಡದ್ದು ಸೂಸನ್ ಬಿ. ಆಂಥನಿ. ಪಟ್ಟಿಯಲ್ಲಿ ಆಕೆಯ ಬಗ್ಗೆ ಎರಡೇ ಸಾಲು, ಹೆಂಗಸರ ಹಕ್ಕಿಗಾಗಿ ಹೋರಾಡಿದರು, ನಾಗರಿಕ ಹಕ್ಕಿಗಾಗಿ ಹೋರಾಡಿದರು ಅಂತ. ಹೇಗೆ ಹೋರಾಡಿದರು ಅನ್ನುವುದು ಪರೀಕ್ಷೆಗಿಲ್ಲ. 1872ರ ನವೆಂಬರ್‌ನಲ್ಲಿ ರಾಚೆಸ್ಟರ್ ಊರಲ್ಲಿ ಆಕೆ ನೆಟ್ಟಗೆ ಹೋಗಿ ವೋಟು ಹಾಕಿಬಿಟ್ಟರು. ಹೆಂಗಸರು ವೋಟು ಹಾಕುವಂತಿರಲಿಲ್ಲ. ಎರಡು ವಾರದ ಮೇಲೆ ಮಾರ್ಷಲ್ ಮನೆಗೆ ಬಂದ. ಪಾಪ, ಸಂಕೋಚದ ಮನುಷ್ಯ, ನಿಧಾನಕ್ಕೆ ನೀವೇ ಬನ್ನಿ ಅನ್ನುವ ಹಾಗೆ ಹೇಳಿದನಂತೆ. ಗಂಡಸಾಗಿದ್ದರೆ ಹೇಗೆ ಹಿಡಿದುಕೊಂಡು ಹೋಗುತ್ತಿದ್ದೆಯೋ ಹಾಗೇ ಕರೆದುಕೊಂಡು ಹೋಗು ಅಂತ ಈಕೆ ಬೇಡಿಗೆ ಕೈ ಚಾಚಿದರು. ಮುಂದಿನ ವರ್ಷ ಕೋರ್ಟು 100 ಡಾಲರ್ ದಂಡ ಹಾಕಿತು. ಒಂದು ಡಾಲರೂ ಕಟ್ಟುವುದಿಲ್ಲ ಅಂದರು, ಕಟ್ಟಲೂ ಇಲ್ಲ. ಹೆಂಗಸರಿಗೆ ಮತದಾನದ ಹಕ್ಕು ಸಂವಿಧಾನದಲ್ಲಿ ಬಂದದ್ದು 1920ರಲ್ಲಿ. ಅಷ್ಟರಲ್ಲಿ ಆಕೆ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು.

ಈಗ ಫಾರಂ ನೋಡಿ. ಎಂದಾದರೂ ಇಲ್ಲಿ ವೋಟು ಹಾಕಿದ್ದೀರಾ? ಹೌದು. ಎಂದಾದರೂ ಅರೆಸ್ಟ್ ಆಗಿದ್ದೀರಾ? ಹೌದು. ಆಕೆಯ ಹೆಸರು ಹೇಳಿ ನಾನು ಪಾಸಾಗಬಹುದು, ಆಕೆ ಆಗುವ ಹಾಗಿಲ್ಲ.

ಇಷ್ಟನ್ನೂ ಹೆಂಡತಿಗೆ ಉತ್ಸಾಹದಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಅಲ್ಲಿ ಹೋಗಿ ಇದನ್ನೆಲ್ಲ ಹೇಳಿದ್ರೆ ನೋಡಿ ಮತ್ತೆ” ಅಂದಳು.

ನನ್ನ ಫಾರಂನಲ್ಲಿ ಇಂಥ ಪ್ರಶ್ನೆಗಳಿಗೆ ಇದ್ದದ್ದು ಒಂದೇ ‘ಹೌದು’. ಪೊಲೀಸರು ಎಂದಾದರೂ ಹಿಡಿದಿದ್ದಾರಾ, ಟಿಕೆಟ್ ಕೊಟ್ಟಿದ್ದಾರಾ ಅನ್ನುವುದೂ ಆ ಪ್ರಶ್ನೆಯೊಳಗೇ ಸೇರಿತ್ತು. ಗಂಟೆಗೆ 25 ಮೈಲಿಯ ರಸ್ತೆಯಲ್ಲಿ ನಾನು 38ರಲ್ಲಿ ಹೋಗಿ ಟಿಕೆಟ್ ತಿಂದಿದ್ದೆ. ವಾಷಿಂಗ್ಟನ್, ಕಿಂಗ್, ಆಂಥನಿ ಸಾಲಿನ ಕೊನೆಯಲ್ಲಿ ನಾನೂ ಒಬ್ಬ. ದಂಡ ಮಾತ್ರ ಅವತ್ತೇ ರಾತ್ರಿ ಆನ್‌ಲೈನ್‌ನಲ್ಲಿ ಕಟ್ಟಿದ್ದೆ.

19ರ ಬೆಳಗ್ಗೆ ಇಬ್ಬರೂ ಹೋದೆವು. ಆಫೀಸರು ನನಗಿಂತ ಹತ್ತು ವರ್ಷವಾದರೂ ಚಿಕ್ಕ ಹೆಣ್ಣುಮಗಳು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಒಂದು ವಾಕ್ಯ ಓದಿಸಿದರು. ಇನ್ನೊಂದನ್ನು ಹೇಳಿ, ಟ್ಯಾಬ್ಲೆಟ್ ಮೇಲೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಬರೆಯಿಸಿದರು. ಇಪ್ಪತ್ತು ವರ್ಷದಿಂದ ಕೀಬೋರ್ಡು ಕುಟ್ಟಿದ ಕೈ. ‘ವಾಷಿಂಗ್ಟನ್’ನ ಬಾಲ ಗೆರೆ ದಾಟಿ ಹೋಯಿತು. ಆಕೆ ಏನೂ ಅನ್ನಲಿಲ್ಲ.

ಆಮೇಲೆ ಫಾರಂ. ನೋ, ನೋ, ನೋ. ಒಳ್ಳೆ ಲಯ ಸಿಕ್ಕಿತ್ತು. ಅರೆಸ್ಟ್, ಟಿಕೆಟ್ ಪ್ರಶ್ನೆಗೂ ಅದೇ ವೇಗದಲ್ಲಿ ‘ನೋ’ ಅಂದುಬಿಟ್ಟೆ. ಅಂದ ತಕ್ಷಣ ಎದೆ ಧಸಕ್ ಅಂತು. “ಯೆಸ್, ಯೆಸ್!” ಅಂತ ಜೋರಾಗಿ ಹೇಳಿದೆ, ಅರೆಸ್ಟ್ ಆಗಿದ್ದೇ ಹೆಮ್ಮೆ ಅನ್ನುವ ಹಾಗೆ. ಆಕೆ ಪರದೆಯಿಂದ ಕಣ್ಣೆತ್ತಿ ನೋಡಿದರು. ಟಿಕೆಟ್ ಕಥೆ ಹೇಳಿದೆ. “ದಂಡ ಕಟ್ಟಿದಿರಾ?” ಅಂದರು. ಕಟ್ಟಿದೆ ಅಂದೆ. ಕಟ್ಟದವರ ಕಥೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕೊನೆಗೆ ಪ್ರಶ್ನೆಗಳು. ಸಂವಿಧಾನ ಬರೆದದ್ದು ಯಾವಾಗ? 1787. ಸೆನೆಟರುಗಳು ಎಷ್ಟು? ನೂರು. ಉದ್ದದ ನದಿ ಒಂದು? ಮಿಸೌರಿ. ಸಾಗರ, ಬಾವುಟ ಆದವು. ಆರನೆಯದು, ಸೂಸನ್ ಬಿ. ಆಂಥನಿ ಏನು ಮಾಡಿದರು? ಹೆಂಗಸರ ಹಕ್ಕಿಗಾಗಿ ಹೋರಾಡಿದರು ಅಂದೆ. ಪಟ್ಟಿಯಲ್ಲಿರುವ ಹಾಗೇ, ಒಂದು ಸಾಲು. ಆಕೆ ಪೆನ್ನು ಕೆಳಗಿಟ್ಟು “ಮುಗೀತು, ಪಾಸು” ಅಂದರು. ಇನ್ನು ನಾಲ್ಕು ಉಳಿದಿವೆ ಅಲ್ವಾ ಅಂತ ಕೇಳಿದೆ. ಆರು ಸರಿಯಾದ ತಕ್ಷಣ ನಿಲ್ಲಿಸುತ್ತೇವೆ ಅಂದರು. ಸ್ಪೀಕರೂ ಬರಲಿಲ್ಲ, ಪೋಸ್ಟೂ ಬರಲಿಲ್ಲ, ಜೇ ಕೂಡ ಬರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಹೆಂಡತಿ ಒಂದೊಂದೇ ಪ್ರಶ್ನೆ ಕೇಳಿಕೊಂಡು ಖುಷಿಪಡುತ್ತಿದ್ದಳು. ನಮ್ಮ ಮನೆಯ ತಿರುವು ಹತ್ತಿರ ಬಂದಾಗ ನನಗೆ ಹೊಳೆಯಿತು.

“ನಿನಗೆ ಏಳು ಕೇಳಿದ್ರು ಅಂದಿದ್ದೆ ಅಲ್ವಾ?”

“ಹೂಂ.”

“ಆರು ಸರಿಯಾದ್ರೆ ನಿಲ್ಲಿಸ್ತಾರಂತೆ. ಹಾಗಾದ್ರೆ ಯಾವುದು ತಪ್ಪಾಯ್ತು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ರೋಡ್ ನೋಡ್ಕೊಂಡು ಓಡಿಸಿ ರೀ. ಇಲ್ಲಿ ಇಪ್ಪತ್ತೈದು.”

ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದೆ. ಫ್ರಿಜ್ ಬಾಗಿಲ ಮೇಲೆ ನಾಲ್ಕು ಟೇಪಿನ ಗುರುತು ಮಾತ್ರ ಇದ್ದವು.