ಲಾಟರಿ ನಿಷೇಧವಾದ ಊರಿನಲ್ಲಿ

2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿ ನಿಷೇಧಿಸಿದಾಗ ಗಾಂಧಿಬಜಾರಿನಲ್ಲಿ ಟಿಕೆಟ್ ಮಾರುತ್ತಿದ್ದವನು ಬಾಳೆಹಣ್ಣಿನ ಗಾಡಿ ಇಟ್ಟುಕೊಂಡ. ಬಡವರ ಮನೆ ಉಳಿಯಿತು ಎಂದು ನಮ್ಮ ಭಾವನವರು ಅಂದು ಸಂತೋಷಪಟ್ಟಿದ್ದರು. ಅದೇ ಭಾವನವರು ಮೂರು ವರ್ಷ ಮಾರ್ಚ್ ತಿಂಗಳಿಡೀ ತುಪ್ಪದ ದೀಪ ಹಚ್ಚಿ ಲಾಟರಿಯ ಫಲಕ್ಕೆ ಕಾದರು.

ಅದರ ಹೆಸರು ಎಚ್-1ಬಿ, ಅಮೆರಿಕದಲ್ಲಿ ನೌಕರಿ ಮಾಡಲು ಬೇಕಾದ ವೀಸಾ. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಎಂಎಸ್ ಮಾಡಿದವರಿಗೆ ಇನ್ನೊಂದು 20,000. ಕೇಳುವವರು ಅದರ ಎಷ್ಟೋ ಪಟ್ಟು. ಆದ್ದರಿಂದ ಕಂಪ್ಯೂಟರ್ ಚೀಟಿ ಎತ್ತುತ್ತದೆ. ವಿಶೇಷ ಪರಿಣತಿ ಇದ್ದವರಿಗೆ ಮಾತ್ರ ಮೀಸಲಾದ ವೀಸಾ ಇದು. ಪರಿಣತಿ ಇದೆಯೇ ಎಂದು ನೋಡುವ ಮೊದಲು ಅದೃಷ್ಟ ಇದೆಯೇ ಎಂದು ನೋಡುತ್ತಾರೆ. ಎಲ್‌ಕೆಜಿಯಿಂದ ಸಿಇಟಿಯವರೆಗೆ ಒಂದು ಪರೀಕ್ಷೆಯಲ್ಲೂ ಮುಗ್ಗರಿಸದ ಅಕ್ಕನ ಮಗ, ಚೀಟಿ ಎತ್ತುವುದರಲ್ಲಿ ಎರಡು ಸಲ ಫೇಲಾದ. ಅದಕ್ಕೆ ಟ್ಯೂಷನ್ ಕೊಡುವವರು ಜಯನಗರದಲ್ಲಿ ಇನ್ನೂ ಬಂದಿಲ್ಲ, ಬರುತ್ತಾರೆ.

2025ರ ಮಾರ್ಚಿನಲ್ಲಿ ಅವನ ಚೀಟಿ ಬಂತು. ಆ ವರ್ಷ ಲಾಟರಿಗೆ ಹೆಸರು ಸೇರಿಸುವ ಶುಲ್ಕ 10 ಡಾಲರಿನಿಂದ 215ಕ್ಕೆ ಏರಿತ್ತು. ಕೊಟ್ಟದ್ದು ಕಂಪನಿ, ಹರಕೆ ಮಾತ್ರ ಅಕ್ಕನದು.

ಮುಂದಿನದು ಫೋಟೋ. ಎರಡಿಂಚು ಉದ್ದ, ಎರಡಿಂಚು ಅಗಲ, ಬಿಳಿ ಹಿನ್ನೆಲೆ. 2016ರ ನವೆಂಬರಿನಿಂದ ಕನ್ನಡಕವೂ ಕೂಡದು. ಒಂದನೇ ತರಗತಿಯಿಂದ ಕನ್ನಡಕ ತೆಗೆಯದ ಹುಡುಗ ಕ್ಯಾಮೆರಾ ಯಾವ ಕಡೆ ಇದೆ ಎಂದು ಅಂದಾಜಿನ ಮೇಲೆ ನೋಡಿದ. ಫೋಟೋ ಕಂಡ ಅಕ್ಕ, "ಇದು ಯಾರದ್ದೋ?" ಎಂದಳು.

ಅದೇ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿತ್ತು. ಪತ್ರಿಕೆಯಲ್ಲಿ ಚಿತ್ರ ನೋಡಿ ಭಾವನವರು ಸಿಹಿ ಹಂಚಿದ್ದರು. ಹಂಚಿಯಾದ ಮೇಲೆ ಕೆಳಗಿನ ಸಾಲು ಓದಿದರು: ವೀಸಾ ಸೇವೆ ಸದ್ಯಕ್ಕಿಲ್ಲ. ಹುಡುಗ ಚೆನ್ನೈಗೆ ಹೋದ. ಕಂಕುಳಲ್ಲಿ ಅಕ್ಕ ಜೋಡಿಸಿಕೊಟ್ಟ ನಾಲ್ಕು ಕಿಲೋ ಫೈಲು. ಅದರೊಳಗೆ ಹತ್ತನೇ ತರಗತಿಯ ಅಂಕಪಟ್ಟಿ, ಭಾವನವರ ಎಲ್ಐಸಿ ಬಾಂಡು, ರಾಯರ ಮಂತ್ರಾಕ್ಷತೆಯ ಪೊಟ್ಟಣ. ಕೌಂಟರಿನವರು ಎರಡು ಪ್ರಶ್ನೆ ಕೇಳಿದರು, ಫೈಲು ಮುಟ್ಟಲಿಲ್ಲ.

ವೀಸಾ ಬಂತು. ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದಿತ್ತು.

ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದಿಲ್ಲ. ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ನಡುವೆ ಚುಕ್ಕೆ, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದವರು ಇದ್ದ ಹೆಸರನ್ನೆಲ್ಲ ಅಲ್ಲಿಗೆ ಎಳೆದು, ಖಾಲಿಯಾದ ಮೊದಲ ಹೆಸರಿನ ಜಾಗಕ್ಕೆ ಈ ಮೂರು ಅಕ್ಷರ ತುಂಬುತ್ತಾರೆ. 'ಮೊದಲ ಹೆಸರು ತಿಳಿದಿಲ್ಲ' ಎಂದು ಅರ್ಥ. ನಾಮಕರಣದ ದಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದು, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರಿದ ಅಜ್ಜ ಇನ್ನೂ ಇದ್ದಾರೆ. "ಮುಖ ಗುರುತಿಲ್ಲ, ಹೆಸರು ಗೊತ್ತಿಲ್ಲ. ಮತ್ತೆ ಅವರು ಕರೆದದ್ದು ಯಾರನ್ನಪ್ಪಾ?" ಎಂದು ಕೇಳಿದರು.

ಈಗ ಕಿರಿಯವನ ಸರದಿ, ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್. ಅಷ್ಟರಲ್ಲಿ 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಸಾಹೇಬರ ಘೋಷಣೆ ಬಂತು: ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್. ಕಟ್ಟಬೇಕಾದವರು ಕಂಪನಿಯವರೇ. ಆದರೂ ಭಾವನವರು ಕ್ಯಾಲ್ಕುಲೇಟರ್ ಹಿಡಿದರು. ಸುಮಾರು 88 ಲಕ್ಷ ರೂಪಾಯಿ. ಅದಕ್ಕೆ ಯಾವ ಬಡಾವಣೆಯಲ್ಲಿ ಎಷ್ಟು ಅಳತೆಯ ಸೈಟು ಬರುತ್ತದೆ ಎಂದು ರಾತ್ರಿಯಿಡೀ ಲೆಕ್ಕ ಹಾಕಿದರು.

ಬೆಳಿಗ್ಗೆ ಗಾಂಧಿಬಜಾರಿಗೆ ಹೋದಾಗ ಬಾಳೆಹಣ್ಣಿನವನ ಮುಂದೆ ಎಲ್ಲವನ್ನೂ ತೋಡಿಕೊಂಡರು. ಅವನು ಪುಟ್ಟಬಾಳೆ ತೂಗುತ್ತಲೇ ಕೇಳಿಸಿಕೊಂಡ.

"ಹೊಡೆದರೆ ನಾವೇ ಎದುರು ದುಡ್ಡು ಕಟ್ಟಬೇಕು ಎನ್ನುವ ಲಾಟರಿ ನಾನು ಒಂದೂ ಮಾರಿಲ್ಲ ಸ್ವಾಮಿ. ನಿಲ್ಲಿಸಿದ್ದು ಮಾತ್ರ ನನ್ನದನ್ನು."